ಹಳೆಯ ಬಳಕೆದಾರರ ಕೆಲಸ ಕೆಡದಂತೆ ಹೊಸ ಆವೃತ್ತಿ ಬಿಡುವುದು ಹೇಗೆ? ಓಪನ್ ಸೋರ್ಸ್ ಟೂಲ್ ನಡೆಸುವವರಿಗೆ ಸಮಗ್ರ ಮಾರ್ಗದರ್ಶಿ

ಪುಣೆಯ ವಾಕಡ್‌ನಲ್ಲಿ ನನ್ನ ಮನೆ, ಹಿಂಜವಡಿಯಲ್ಲಿ ಹಗಲು ಕೆಲಸ. ರಾತ್ರಿ ಊಟವಾದ ಮೇಲೆ ಒಂದು ಚಿಕ್ಕ ಓಪನ್ ಸೋರ್ಸ್ ಟೂಲ್ ನೋಡಿಕೊಳ್ಳುತ್ತೇನೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿಟ್ಟ ಕನ್ನಡವನ್ನು ಯೂನಿಕೋಡ್‌ಗೆ ತಿರುಗಿಸುವುದು ಅದರ ಕೆಲಸ. ಪೈಥಾನ್‌ನಲ್ಲಿ ಬರೆದದ್ದು, ಕಮಾಂಡ್ ಲೈನ್‌ನಲ್ಲಿ ಓಡುತ್ತದೆ.

ಒಂದು ಅಕ್ಟೋಬರ್‌ನಲ್ಲಿ 1.7 ಆವೃತ್ತಿ ಬಿಟ್ಟೆ. "ಕಣ್ಣಿಗೆ ಕಾಣದ ಅನಗತ್ಯ ಅಕ್ಷರಗಳನ್ನು ತೆಗೆದು ಪಠ್ಯ ಸ್ವಚ್ಛಗೊಳಿಸಲಾಗಿದೆ" ಎಂದು ಟಿಪ್ಪಣಿಯಲ್ಲಿ ಹೆಮ್ಮೆಯಿಂದಲೇ ಬರೆದಿದ್ದೆ. ವಾರ ಕಳೆದಿರಲಿಲ್ಲ, ಮುಂಬೈನ ಮಾಟುಂಗದಿಂದ ಫೋನ್ ಬಂತು. ಕನ್ನಡ ಪತ್ರಿಕೆಯೊಂದಕ್ಕೆ ಪುಟ ಕಟ್ಟುವ ಹಿರಿಯರು, ಉಡುಪಿ ಕಡೆಯವರು. "ಎಂತ ಮಾಡಿದ್ದು ಮಾರಾಯ್ರೇ ನೀವು? ಹೋದ ತಿಂಗಳವರೆಗೆ ಸರಿ ಇತ್ತಲ್ಲ! ರಾಜ್ಯೋತ್ಸವ ಸಂಚಿಕೆ ನಾಳೆ ಪ್ರಿಂಟಿಗೆ ಹೋಗ್ಬೇಕು."

ಆಗಿದ್ದು ಇಷ್ಟು. ನಾನು ಅನಗತ್ಯವೆಂದು ತೆಗೆದ ಆ ಕಾಣದ ಅಕ್ಷರಗಳಲ್ಲಿ ಎರಡು ಕನ್ನಡಕ್ಕೆ ಬೇಕೇಬೇಕಾದವು. ಒಂದು ಅಕ್ಷರಗಳು ಒತ್ತಾಗಿ ಕೂಡದಂತೆ ತಡೆಯುತ್ತದೆ. ಅದು ಹೋದದ್ದೇ 'ಸಾಫ್ಟ್‌ವೇರ್' ಎಂಬುದು 'ಸಾಫ್ಟ್ವೇರ್' ಆಯಿತು. ಇನ್ನೊಂದು ರಕಾರವನ್ನು ಅರ್ಕಾವತ್ತಾಗಲು ಬಿಡದೆ ಹಿಡಿದಿಡುತ್ತದೆ. ಅದು ಹೋಗಿ 'ರ‍್ಯಾಂಕ್' ಎಂಬುದು 'ರ್ಯಾಂಕ್' ಆಯಿತು. ಕರಡು ತಿದ್ದಿ ಮುಗಿದಿದ್ದ ಸಂಚಿಕೆಯನ್ನು ಕೊನೆಯ ಸಲ ಒಟ್ಟಿಗೆ ತಿರುಗಿಸಿದಾಗ ಪುಟಪುಟದಲ್ಲೂ ಇದೇ ಎಡವಟ್ಟು. ನನ್ನ ಟೆಸ್ಟುಗಳೆಲ್ಲ ಪಾಸಾಗಿದ್ದವು.

ಆ ರಾತ್ರಿಯಿಂದ ಕಲಿತದ್ದನ್ನು, ಮತ್ತು ದೊಡ್ಡ ಪ್ರಾಜೆಕ್ಟುಗಳು ಇದೇ ಪ್ರಶ್ನೆಯನ್ನು ಹೇಗೆ ನಿಭಾಯಿಸಿವೆ ಎಂದು ಓದಿ ತಿಳಿದದ್ದನ್ನು, ಕೆಲಸದ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಟೂಲ್ ಅನ್ನು ಹತ್ತು ಜನ ಬಳಸಲಿ, ಹತ್ತು ಸಾವಿರ ಜನ ಬಳಸಲಿ, ಕ್ರಮ ಒಂದೇ.

ಹಂತ 1: ಜನ ಯಾವುದನ್ನು ನಂಬಿಕೊಂಡಿದ್ದಾರೆ ಎಂದು ಪಟ್ಟಿ ಮಾಡಿ

ಎಲ್ಲಕ್ಕಿಂತ ಹೆಚ್ಚು ಸಮಯ ಈ ಹಂತಕ್ಕೇ ಕೊಡಿ. ಎಪಿಐ (ಬೇರೆ ಪ್ರೋಗ್ರಾಂಗಳು ನಮ್ಮದನ್ನು ಬಳಸುವ ದಾರಿ) ಎಂದರೆ ಫಂಕ್ಷನ್ನುಗಳ ಹೆಸರು, ಅವು ಬದಲಾಗದಿದ್ದರೆ ಸಾಕು ಎಂದುಕೊಳ್ಳುತ್ತೇವೆ. ಗೂಗಲ್‌ನಲ್ಲಿ ಕೆಲಸ ಮಾಡಿದ ಹೈರಮ್ ರೈಟ್ ಅವರ ಹೆಸರಿನಲ್ಲಿ ಒಂದು ನಿಯಮವೇ ಇದೆ: ಬಳಸುವವರು ಸಾಕಷ್ಟು ಹೆಚ್ಚಿದರೆ, ನೀವು ದಾಖಲೆಯಲ್ಲಿ ಏನು ಬರೆದಿದ್ದೀರಿ ಎನ್ನುವುದು ಲೆಕ್ಕಕ್ಕೆ ಬರುವುದಿಲ್ಲ, ಹೊರಗೆ ಕಾಣುವ ಪ್ರತಿಯೊಂದು ವರ್ತನೆಯನ್ನೂ ಯಾರೋ ಒಬ್ಬರು ಆಧರಿಸಿಕೊಂಡಿರುತ್ತಾರೆ.

2010ರಲ್ಲಿ ಫೆಡೋರಾ 14 ಎಂಬ ಲಿನಕ್ಸ್ ವಿತರಣೆಯಲ್ಲಿ ನಡೆದದ್ದು ಇದಕ್ಕೆ ಒಳ್ಳೆಯ ಉದಾಹರಣೆ. ಲಿನಕ್ಸ್‌ನ ಮೂಲ ಸಿ ಲೈಬ್ರರಿಯಾದ ಜಿಲಿಬ್‌ಸಿಯಲ್ಲಿ ಮೆಮೊರಿಯ ಒಂದು ತುಂಡನ್ನು ಇನ್ನೊಂದು ಕಡೆಗೆ ನಕಲು ಮಾಡುವ 'ಮೆಮ್‌ಕಾಪಿ' ಎಂಬ ಫಂಕ್ಷನ್ ಇದೆ. ಅದನ್ನು ವೇಗಗೊಳಿಸಲು ನಕಲು ಮಾಡುವ ದಿಕ್ಕನ್ನು ಬದಲಿಸಿದರು. ಮೂಲ ತುಂಡು ಮತ್ತು ಗುರಿಯ ತುಂಡು ಒಂದರ ಮೇಲೊಂದು ಬಂದರೆ ಫಲಿತಾಂಶಕ್ಕೆ ಖಾತರಿಯಿಲ್ಲ ಎಂದು ದಾಖಲೆಯಲ್ಲಿ ಮೊದಲಿನಿಂದಲೂ ಇತ್ತು. ಆದರೆ ಬ್ರೌಸರ್‌ನಲ್ಲಿ ಹಾಡು, ವಿಡಿಯೋ ನಡೆಸುತ್ತಿದ್ದ ಫ್ಲ್ಯಾಶ್ ಪ್ಲೇಯರ್ ಹಾಗೆಯೇ ಬಳಸುತ್ತಿತ್ತು, ಅದುವರೆಗೆ ನಡೆಯುತ್ತಲೂ ಇತ್ತು. ಬದಲಾವಣೆಯ ನಂತರ ಬ್ರೌಸರ್‌ನಲ್ಲಿ ಹಾಡು ಹಾಕಿದರೆ ಕರ್ಕಶ ಸದ್ದು. ನಿಯಮದ ಪ್ರಕಾರ ತಪ್ಪು ಫ್ಲ್ಯಾಶ್‌ನದೇ. ಆದರೆ ಕಿವಿಗೆ ಕರ್ಕಶ ಕೇಳಿದವನಿಗೆ ಆ ನಿಯಮ ಕಟ್ಟಿಕೊಂಡು ಏನಾಗಬೇಕು? ಲಿನಕ್ಸ್ ಕರ್ತೃ ಲಿನಸ್ ಟೊರ್ವಾಲ್ಡ್ಸ್ ಆಗ ವಾದಿಸಿದ್ದೂ ಇದನ್ನೇ. ಕೊನೆಗೆ ಜಿಲಿಬ್‌ಸಿ 2.14ರಲ್ಲಿ ಒಂದೇ ಹೆಸರಿಗೆ ಎರಡು ಆವೃತ್ತಿ ಇಟ್ಟರು. ಹಿಂದೆಯೇ ಸಿದ್ಧವಾಗಿದ್ದ ಪ್ರೋಗ್ರಾಂಗಳಿಗೆ ಹಳೆಯ ಸುರಕ್ಷಿತ ವರ್ತನೆ, ಹೊಸದಾಗಿ ಕಟ್ಟಿದವುಗಳಿಗೆ ಹೊಸದು.

ಕಾಗದ ತೆಗೆದುಕೊಂಡು ನಿಮ್ಮ ಟೂಲ್‌ಗೆ ಸಂಬಂಧಿಸಿದ ಇವನ್ನೆಲ್ಲ ಬರೆಯಿರಿ: ಕಮಾಂಡಿನ ಹೆಸರು, ಉದ್ದ ಮತ್ತು ಗಿಡ್ಡ ಫ್ಲಾಗುಗಳು (ಕಮಾಂಡಿನ ಜೊತೆ ಕೊಡುವ ಆಯ್ಕೆಗಳು), ಏನೂ ಕೊಡದಿದ್ದಾಗಿನ ಡೀಫಾಲ್ಟ್, ಔಟ್‌ಪುಟ್ ಫೈಲಿನ ಹೆಸರು ಮತ್ತು ಜಾಗ, ಅದರೊಳಗಿನ ಒಂದೊಂದು ಬೈಟ್, ಸಾಲುಗಳ ಅನುಕ್ರಮ, ಎಕ್ಸಿಟ್ ಕೋಡ್ (ಕೆಲಸ ಗೆದ್ದಿತೋ ಸೋತಿತೋ ಎಂದು ಟೂಲ್ ಕೊನೆಗೆ ಕೊಡುವ ಸಂಖ್ಯೆ), ಕಾನ್ಫಿಗ್ ಫೈಲಿನ ಕೀಲಿಗಳು, ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು, ಬೇಕಾಗುವ ಪೈಥಾನ್‌ನ ಕನಿಷ್ಠ ಆವೃತ್ತಿ. ಯಾವ ಸಂದೇಶ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಹೋಗುತ್ತದೆ, ಯಾವುದು ದೋಷದ ಸಂದೇಶಗಳ ದಾರಿಯಾದ ಸ್ಟ್ಯಾಂಡರ್ಡ್ ಎರರ್‌ಗೆ ಹೋಗುತ್ತದೆ ಎಂಬುದನ್ನೂ ಬರೆಯಿರಿ. ನಾನು ಮೊದಲು ಮಾಡಿದ ಪಟ್ಟಿಯಲ್ಲಿ ಒಂಬತ್ತು ಸಾಲು ಇದ್ದವು, ಈಗ ಮೂವತ್ತು ದಾಟಿವೆ.

ಪಟ್ಟಿಯಲ್ಲಿ ಇದನ್ನು ಕಾಪಾಡುತ್ತೇನೆ, ಇದು ಬದಲಾಗಬಹುದು ಎಂದು ಎರಡು ಭಾಗ ಮಾಡಿ, ರೀಡ್‌ಮಿಯಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿ. ಗೋ ಭಾಷೆಯವರು 2012ರಲ್ಲಿ ಗೋ 1 ಬಿಟ್ಟಾಗ ಇಂಥದೇ ಭರವಸೆಯನ್ನು ಬರೆದು ಕೊಟ್ಟರು, ಅದರ ವಿನಾಯಿತಿಗಳನ್ನೂ ಅಲ್ಲೇ ಬರೆದರು. ಬರೆದು ಕೊಟ್ಟ ಮಾತಿಗೆ ತೂಕವಿದೆ.

ಹಂತ 2: ಬಳಸುವವರು ಯಾರೆಂದು ಹುಡುಕಿ, ಸಾಧ್ಯವಾದರೆ ಪಕ್ಕದಲ್ಲಿ ಕುಳಿತು ನೋಡಿ

ಓಪನ್ ಸೋರ್ಸ್‌ನಲ್ಲಿ ಗಿರಾಕಿಗಳ ಪಟ್ಟಿ ಇರುವುದಿಲ್ಲ. ಗಿಟ್‌ಹಬ್‌ನಲ್ಲಿ ನಿಮ್ಮ ಪ್ಯಾಕೇಜಿನ ಹೆಸರು ಹಾಕಿ ಕೋಡ್ ಹುಡುಕಿ. ಯಾರ ರಿಕ್ವೈರ್‌ಮೆಂಟ್ಸ್ ಫೈಲಿನಲ್ಲಿ ಅದು ಬರುತ್ತದೆ, ಯಾವ ಫ್ಲಾಗುಗಳನ್ನು ಹಾಕುತ್ತಾರೆ, ಔಟ್‌ಪುಟ್ಟನ್ನು ಹೇಗೆ ಕತ್ತರಿಸಿಕೊಳ್ಳುತ್ತಾರೆ ನೋಡಿ. ಡೆಬಿಯನ್‌ನಂಥ ವಿತರಣೆಯಲ್ಲಿ ನಿಮ್ಮ ಟೂಲ್ ಸೇರಿದ್ದರೆ ಅದನ್ನು ಅವಲಂಬಿಸಿದ ಪ್ಯಾಕೇಜುಗಳು ಯಾವುವು ಎಂದು ಒಂದೇ ಕಮಾಂಡಿನಲ್ಲಿ ತಿಳಿಯುತ್ತದೆ. ಹಳೆಯ ಇಶ್ಯೂಗಳನ್ನು ಮತ್ತೆ ಓದಿ. "ಇದನ್ನು ಕ್ರಾನ್‌ನಲ್ಲಿ ಹಾಕಿದ್ದೇನೆ" (ಎಂದರೆ ಹೊತ್ತಿಗೆ ಸರಿಯಾಗಿ ತಾನೇ ಓಡುವಂತೆ) ಎಂದು ಯಾರೋ ಎಂದೋ ಬರೆದ ಒಂದು ಸಾಲು ಬಹಳ ಹೇಳುತ್ತದೆ.

ಆದರೆ ಇವೆಲ್ಲದರಲ್ಲೂ ಸಿಗದವರು ಇರುತ್ತಾರೆ. ಮಾಟುಂಗದ ಹಿರಿಯರು ಯಾವ ಹುಡುಕಾಟದಲ್ಲೂ ಸಿಗುವವರಲ್ಲ. ಆ ಫೋನ್ ಬಂದ ಮುಂದಿನ ಶನಿವಾರ ಬೆಳಗಿನ ರೈಲು ಹಿಡಿದು ದಾದರ್‌ನಲ್ಲಿ ಇಳಿದು, ಲೋಕಲ್‌ನಲ್ಲಿ ಒಂದು ಸ್ಟೇಷನ್ ಮುಂದೆ ಹೋಗಿ ಅವರ ಕಚೇರಿಯಲ್ಲಿ ಕುಳಿತೆ. ಕೀಬೋರ್ಡ್ ಮುಟ್ಟಲಿಲ್ಲ, ಸಲಹೆ ಕೊಡಲಿಲ್ಲ, ಬರೀ ನೋಡಿದೆ.

ಅವರ ವಿಂಡೋಸ್ ಕಂಪ್ಯೂಟರಿನಲ್ಲಿ ಅಳಿಯ ಬರೆದುಕೊಟ್ಟ ಬ್ಯಾಚ್ ಫೈಲ್ ಇತ್ತು. ಲೇಖನಗಳನ್ನು ಒಂದು ಫೋಲ್ಡರಿಗೆ ಹಾಕಿ ಐಕಾನ್ ಮೇಲೆ ಎರಡು ಸಲ ಒತ್ತುತ್ತಾರೆ. ಆ ಫೈಲ್ ಮೊದಲು ನನ್ನ ಟೂಲಿನ ಇತ್ತೀಚಿನ ಆವೃತ್ತಿಯನ್ನು ಇಳಿಸಿಕೊಳ್ಳುತ್ತದೆ, ಆಮೇಲೆ ಓಡಿಸುತ್ತದೆ, ಆಮೇಲೆ ತೆರೆಯ ಮೇಲೆ 'ಡನ್' ಎಂಬ ಪದ ಬಂದಿದೆಯೇ ಎಂದು ಹುಡುಕುತ್ತದೆ. ಬಂದಿದ್ದರೆ ಮಾತ್ರ ಫೈಲುಗಳನ್ನು ಪುಟ ಕಟ್ಟುವ ಫೋಲ್ಡರಿಗೆ ಸಾಗಿಸುತ್ತದೆ. ನಾಲ್ಕು ವರ್ಷದ ಹಿಂದೆ ನನ್ನ ಸಮಾಧಾನಕ್ಕೆಂದು ಹಾಕಿಕೊಂಡಿದ್ದ ಸಂದೇಶ ಅದು. ಅದನ್ನು ಕನ್ನಡದಲ್ಲಿ 'ಮುಗಿಯಿತು' ಎಂದು ಬದಲಿಸಬೇಕೆಂದು ಎರಡು ವಾರದಿಂದ ಯೋಚಿಸುತ್ತಿದ್ದೆ. ಬದಲಿಸಿದ್ದರೆ ಅವರ ಫೈಲುಗಳು ಮುಂದಕ್ಕೆ ಹೋಗುತ್ತಲೇ ಇರಲಿಲ್ಲ, ಯಾವ ದೋಷವೂ ಕಾಣಿಸುತ್ತಿರಲಿಲ್ಲ.

ಇದಕ್ಕೆ ಎಕ್ಸಿಟ್ ಕೋಡ್ ನೋಡಬೇಕಿತ್ತು, ಆವೃತ್ತಿಯನ್ನು ಒಂದೇ ಸಂಖ್ಯೆಗೆ ಕಟ್ಟಿಹಾಕಬೇಕಿತ್ತು ಎಂದು ನೀವು ಹೇಳಬಹುದು. ಸರಿಯಾದ ಮಾತೇ. ಆದರೆ ಅದನ್ನು ದಾಖಲೆಯಲ್ಲಿ ಒಂದು ಉದಾಹರಣೆಯಾಗಿಯೂ ನಾನು ತೋರಿಸಿರಲಿಲ್ಲ.

ಹಂತ 3: ಹಳೆಯ ವರ್ತನೆಯನ್ನು ಟೆಸ್ಟಿನಲ್ಲಿ ಕಟ್ಟಿಹಾಕಿ

ಕೋಡ್ ಬದಲಿಸುವುದಕ್ಕೆ ಮೊದಲು, ಈಗ ಜನರ ಕೈಯಲ್ಲಿರುವ ಆವೃತ್ತಿಯನ್ನು ಓಡಿಸಿ ಅದರ ಔಟ್‌ಪುಟ್ ಹಾಗೆಯೇ ಉಳಿಸಿಟ್ಟುಕೊಳ್ಳಿ. ಹೊಸ ಕೋಡನ್ನು ಅದೇ ಇನ್‌ಪುಟ್ ಮೇಲೆ ಓಡಿಸಿ ಎರಡನ್ನೂ ಬೈಟ್ ಬೈಟ್ ಹೋಲಿಸುವ ಟೆಸ್ಟ್ ಬರೆಯಿರಿ. ಇದನ್ನು ಗೋಲ್ಡನ್ ಫೈಲ್ ಟೆಸ್ಟ್ ಎನ್ನುತ್ತಾರೆ.

ಬೈಟ್ ಬೈಟ್ ಯಾಕೆಂದರೆ, ಕನ್ನಡದಲ್ಲಿ ಕಣ್ಣು ಮೋಸ ಮಾಡುತ್ತದೆ. 'ಕೊ' ಅಕ್ಷರದ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, 'ೆ' ಮತ್ತು 'ೂ' ಎಂಬ ಎರಡು ಸಂಕೇತಗಳನ್ನು ಸಾಲಾಗಿ ಇಟ್ಟೂ ಪಡೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಆದರೆ ಬೈಟ್ ಹೋಲಿಸುವ ಹುಡುಕಾಟದಲ್ಲಿ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ನಿಮ್ಮ ಹೊಸ ಆವೃತ್ತಿ ಒಂದರಿಂದ ಇನ್ನೊಂದಕ್ಕೆ ಸದ್ದಿಲ್ಲದೆ ಬದಲಾಯಿಸಿದರೆ ಯಾರದೋ ಹತ್ತು ವರ್ಷದ ಸೂಚಿ ಕೆಲಸ ಮಾಡುವುದನ್ನು ನಿಲ್ಲಿಸುತ್ತದೆ.

ಟೆಸ್ಟಿಗೆ ನೀವೇ ಕಟ್ಟಿದ ವಾಕ್ಯಗಳು ಸಾಲುವುದಿಲ್ಲ. ನಾನು ಕಟ್ಟಿದ ವಾಕ್ಯಗಳಲ್ಲಿ 'ಸಾಫ್ಟ್‌ವೇರ್' ಇರಲಿಲ್ಲ, 'ರ‍್ಯಾಂಕ್' ಇರಲಿಲ್ಲ; ಕಥೆ, ಕವಿತೆಯ ಸಾಲುಗಳಷ್ಟೇ ಇದ್ದವು. ಬಳಸುವವರಿಂದ ಅನುಮತಿ ಪಡೆದು ನಿಜವಾದ ಫೈಲುಗಳನ್ನೇ ತನ್ನಿ. ಈಗ ನನ್ನ ಬಳಿ ಅದೇ ಪತ್ರಿಕೆಯ ಎರಡು ಹಳೆಯ ಸಂಚಿಕೆಗಳಿವೆ. ಜೊತೆಗೆ ಪುಣೆಯ ಗೆಳೆಯರೊಬ್ಬರು ತಮ್ಮ ತಂದೆಯ ಅಡುಗೆ ಟಿಪ್ಪಣಿಗಳನ್ನು ಕೊಟ್ಟಿದ್ದಾರೆ. ಅದರಲ್ಲಿ ½, ¼ ಚಿಹ್ನೆಗಳು ತುಂಬಿವೆ. ಯಾವ ಪರೀಕ್ಷಕನೂ ಯೋಚಿಸದ ಇನ್‌ಪುಟ್ ಅದು.

ರಸ್ಟ್ ಭಾಷೆಯವರು ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡುತ್ತಾರೆ. 'ಕ್ರೇಟರ್' ಎಂಬ ಅವರ ಟೂಲ್ ಕಂಪೈಲರ್‌ನ ಹೊಸ ಆವೃತ್ತಿಯಲ್ಲಿ ಸಾರ್ವಜನಿಕವಾಗಿರುವ ರಸ್ಟ್ ಪ್ಯಾಕೇಜುಗಳನ್ನು ಕಟ್ಟಿ ನೋಡಿ, ಯಾವುದು ಮುರಿಯಿತು ಎಂದು ವರದಿ ಕೊಡುತ್ತದೆ. ನಮಗೆ ಅಷ್ಟು ಯಂತ್ರಬಲ ಇಲ್ಲ. ಆದರೆ ನಮ್ಮನ್ನು ಅವಲಂಬಿಸಿದ ಐದಾರು ಪ್ರಾಜೆಕ್ಟುಗಳ ಟೆಸ್ಟುಗಳನ್ನು ನಮ್ಮ ಸಿಐಯಲ್ಲಿ (ಟೆಸ್ಟುಗಳನ್ನು ತಾನಾಗಿ ಓಡಿಸುವ ವ್ಯವಸ್ಥೆ) ರಾತ್ರಿ ಒಮ್ಮೆ ಓಡಿಸುವುದು ಯಾರಿಗೂ ಕಷ್ಟವಲ್ಲ.

ಹಂತ 4: ಇರುವುದನ್ನು ಬದಲಿಸುವ ಬದಲು ಹೊಸದನ್ನು ಸೇರಿಸಿ

ಸ್ವಚ್ಛಗೊಳಿಸುವ ಸೌಲಭ್ಯ ಬೇಕಿತ್ತೇ? ಬೇಕಿತ್ತು, ಕೇಳಿದವರಿದ್ದರು. ನಾನು ಅದನ್ನು ಹೊಸ ಫ್ಲಾಗ್ ಆಗಿ ಕೊಡಬೇಕಿತ್ತು. ಫ್ಲಾಗ್ ಹಾಕಿದವರಿಗೆ ಹೊಸ ವರ್ತನೆ, ಹಾಕದವರಿಗೆ ನಿನ್ನೆಯದೇ. ಡೀಫಾಲ್ಟ್ ಬದಲಿಸುವುದೂ ಮುರಿಯುವುದೇ.

ಲೈಬ್ರರಿಯಾದರೆ ಹೊಸ ಪ್ಯಾರಾಮೀಟರ್ ಅನ್ನು ಹೆಸರು ಹೇಳಿಯೇ ಕೊಡಬೇಕಾದದ್ದನ್ನಾಗಿ ಮಾಡಿ, ಅದಕ್ಕೆ ಹಳೆಯ ವರ್ತನೆಯ ಡೀಫಾಲ್ಟ್ ಇಡಿ. ಜೇಸನ್ (ಪ್ರೋಗ್ರಾಂಗಳು ಓದುವ ದತ್ತಾಂಶ ರೂಪ) ಔಟ್‌ಪುಟ್ಟಿಗೆ ಹೊಸ ಕೀಲಿ ಸೇರಿಸಬಹುದು. ಇರುವ ಕೀಲಿಯ ಅರ್ಥ ಬದಲಿಸಬೇಡಿ, ಸಂಖ್ಯೆ ಬರುತ್ತಿದ್ದಲ್ಲಿ ಪಠ್ಯ ಬರುವಂತೆ ಮಾಡಬೇಡಿ.

ಮನುಷ್ಯರು ಓದುವ ಔಟ್‌ಪುಟ್ ಬೇರೆ, ಸ್ಕ್ರಿಪ್ಟುಗಳು ಓದುವ ಔಟ್‌ಪುಟ್ ಬೇರೆ ಮಾಡಿ. ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಟೂಲಿನ ಸ್ಟೇಟಸ್‌ಗೆ 'ಪೋರ್ಸಲಿನ್' ಎಂಬ ಆಯ್ಕೆ ಇರುವುದು ಇದಕ್ಕೇ. ಆ ಆಯ್ಕೆ ಹಾಕಿದರೆ ಬರುವ ರೂಪ ಆವೃತ್ತಿಯಿಂದ ಆವೃತ್ತಿಗೆ ಬದಲಾಗುವುದಿಲ್ಲ, ಬಳಕೆದಾರ ತನ್ನ ಯಂತ್ರದಲ್ಲಿ ಏನೇ ಸೆಟಿಂಗ್ ಮಾಡಿಕೊಂಡಿದ್ದರೂ ಬದಲಾಗುವುದಿಲ್ಲ. ಹೆಚ್ಚಿನ ಮಾಹಿತಿ ಬೇಕಾದಾಗ ಅವರು ಎರಡನೇ ಆವೃತ್ತಿಯ ರೂಪವನ್ನು ಬೇರೆಯಾಗಿ ಸೇರಿಸಿದರು, ಮೊದಲನೆಯದನ್ನು ಹಾಗೆಯೇ ಬಿಟ್ಟರು. ಹೀಗೆ ಮಾಡಿದರೆ ಮನುಷ್ಯರಿಗಾಗಿ ಇರುವ ಸಂದೇಶಗಳನ್ನು ಚಂದಗಾಣಿಸಲು ನಿಮಗೆ ಸ್ವಾತಂತ್ರ್ಯ ಸಿಗುತ್ತದೆ.

ಹೆಸರು ತಪ್ಪಾಗಿದ್ದರೆ? ಇದಕ್ಕೆ ನಮ್ಮ ಕನ್ನಡದ್ದೇ ಉದಾಹರಣೆ ಇದೆ. ಹಳಗನ್ನಡದ 'ೞ' ಅಕ್ಷರವನ್ನು ಯೂನಿಕೋಡ್‌ಗೆ ಸೇರಿಸುವಾಗ ಅದಕ್ಕೆ ತಪ್ಪಾಗಿ 'ಕನ್ನಡ ಲೆಟರ್ ಫಾ' ಎಂದು ಹೆಸರಿಟ್ಟರು. ನಮ್ಮ ಓದುಗರಿಗೆ ನಗು ಬರುವಂಥ ತಪ್ಪು. ಆದರೆ ಒಮ್ಮೆ ಕೊಟ್ಟ ಅಕ್ಷರನಾಮವನ್ನು ಬದಲಿಸುವುದಿಲ್ಲ ಎಂಬುದು ಯೂನಿಕೋಡ್‌ನ ಸ್ಥಿರತೆಯ ನೀತಿ, ಯಾಕೆಂದರೆ ಆ ಹೆಸರನ್ನು ಹಿಡಿದೇ ಓಡುವ ಪ್ರೋಗ್ರಾಂಗಳಿವೆ. ಹಾಗಾಗಿ ಹಳೆಯ ಹೆಸರು ಇದ್ದಲ್ಲೇ ಇದೆ, ಅದರ ಪಕ್ಕದಲ್ಲಿ ಸರಿಯಾದ ಹೆಸರನ್ನು ಅಧಿಕೃತ ಅಡ್ಡಹೆಸರಾಗಿ ಸೇರಿಸಿದ್ದಾರೆ. ನಿಮ್ಮ ಫ್ಲಾಗಿನ ಹೆಸರಿನಲ್ಲಿ ಕಾಗುಣಿತ ತಪ್ಪಿದ್ದರೂ ಹೀಗೆಯೇ ಮಾಡಿ. ಸರಿಯಾದದ್ದನ್ನು ಸೇರಿಸಿ, ದಾಖಲೆಯಲ್ಲಿ ಅದನ್ನೇ ತೋರಿಸಿ, ಹಳೆಯದನ್ನು ಸುಮ್ಮನೆ ನಡೆಯಲು ಬಿಡಿ.

ಹಂತ 5: ಬದಲಿಸಲೇಬೇಕಾದರೆ, ಕೆಲಸ ಕೆಡಿಸದಂತೆ ಎಚ್ಚರಿಸಿ

ಎಚ್ಚರಿಕೆಯಲ್ಲಿ ಮೂರು ಮಾತು ಇರಬೇಕು: ಏನು ಹೋಗುತ್ತದೆ, ಯಾವ ಆವೃತ್ತಿಯಲ್ಲಿ ಹೋಗುತ್ತದೆ, ಬದಲಿಗೆ ಏನು ಬರೆಯಬೇಕು. ಅದನ್ನು ಸ್ಟ್ಯಾಂಡರ್ಡ್ ಎರರ್‌ಗೆ ಕಳುಹಿಸಿ, ಒಂದು ಓಟದಲ್ಲಿ ಒಂದೇ ಸಲ ಬರಲಿ, ಅದನ್ನು ನಿಲ್ಲಿಸುವ ದಾರಿಯೂ ಇರಲಿ.

ಆದರೆ ಎಚ್ಚರಿಕೆಯೂ ಒಂದು ಬದಲಾವಣೆಯೇ ಎಂಬುದು ನೆನಪಿರಲಿ. 2022ರಲ್ಲಿ ಪಠ್ಯ ಹುಡುಕುವ ಟೂಲ್ ಗ್ನೂ ಗ್ರೆಪ್ 3.8 ಬಂದಾಗ 'ಈಗ್ರೆಪ್', 'ಎಫ್‌ಗ್ರೆಪ್' ಎಂಬ ಹಳೆಯ ಕಮಾಂಡುಗಳು ತಾವು ಬಳಕೆಯಿಂದ ಹೋಗುತ್ತಿದ್ದೇವೆ ಎಂದು ಹೇಳತೊಡಗಿದವು. ಕಮಾಂಡ್ ಕೆಲಸ ಮಾಡುತ್ತಿತ್ತು. ಆದರೆ ಸ್ಟ್ಯಾಂಡರ್ಡ್ ಎರರ್ ಖಾಲಿಯಿರಬೇಕೆಂದು ನಂಬಿದ್ದ ಸ್ಕ್ರಿಪ್ಟುಗಳಿಗೆ ಆ ಒಂದು ಸಾಲೇ ದೋಷವಾಯಿತು.

ಪೈಥಾನ್‌ನಲ್ಲಿ ಬರೆಯುವವರಿಗೆ ಇನ್ನೊಂದು ಸೂಕ್ಷ್ಮ: 'ಡಿಪ್ರಿಕೇಶನ್ ವಾರ್ನಿಂಗ್' ಎಂಬ ವರ್ಗದ ಎಚ್ಚರಿಕೆ ಸಾಮಾನ್ಯವಾಗಿ ಮುಚ್ಚಿಯೇ ಇರುತ್ತದೆ. ನೇರವಾಗಿ ಓಡಿಸಿದ ಸ್ಕ್ರಿಪ್ಟಿನೊಳಗಿಂದ ಬಂದರೆ ಮಾತ್ರ ಕಾಣುತ್ತದೆ. ಕೊನೆಯ ಬಳಕೆದಾರನಿಗೆ ಕಾಣಲೇಬೇಕಾದರೆ 'ಫ್ಯೂಚರ್ ವಾರ್ನಿಂಗ್' ಬಳಸಿ. ಎರಡು ವರ್ಷ ಎಚ್ಚರಿಸಿದ್ದೆ ಎಂದುಕೊಂಡು, ಯಾರಿಗೂ ಕಾಣದ ಎಚ್ಚರಿಕೆ ಕೊಟ್ಟಿರುವ ಮೇಂಟೇನರ್‌ಗಳನ್ನು ನೋಡಿದ್ದೇನೆ.

ಎಷ್ಟು ಕಾಲ ಕಾಯಬೇಕು? ಪೈಥಾನ್‌ನವರ ನೀತಿ ಕನಿಷ್ಠ ಎರಡು ಆವೃತ್ತಿಗಳಲ್ಲಿ ಎಚ್ಚರಿಕೆ ಬರಬೇಕು ಎನ್ನುತ್ತದೆ. ನಾನು ವರ್ಷದ ಲೆಕ್ಕ ಹಿಡಿಯುತ್ತೇನೆ. ನನ್ನ ಟೂಲ್ ಬಳಸುವ ಹಲವರು ವರ್ಷಕ್ಕೊಮ್ಮೆ ನವೆಂಬರ್‌ನಲ್ಲಿ ಮಾತ್ರ ತೆರೆಯುತ್ತಾರೆ, ಅವರಿಗೆ ಎರಡು ನವೆಂಬರ್ ಸಿಗಬೇಕು.

ಗಿಟ್ 2.0 ಇದಕ್ಕೆ ಮಾದರಿ. ಅಲ್ಲಿಯವರೆಗೆ, ಕೋಡನ್ನು ಸರ್ವರ್‌ಗೆ ಕಳಿಸಲು ಬರೀ 'ಪುಶ್' ಎಂದರೆ ಹೆಸರು ಹೊಂದುವ ಎಲ್ಲ ಬ್ರಾಂಚುಗಳೂ ಹೋಗುತ್ತಿದ್ದವು. 2014ರ 2.0ರಲ್ಲಿ ಈಗಿರುವ ಬ್ರಾಂಚ್ ಮಾತ್ರ ಹೋಗುವಂತೆ ಬದಲಿಸಿದರು. ಅದಕ್ಕೂ ಬಹಳ ಮುಂಚಿನಿಂದ, ಸೆಟಿಂಗ್ ಮಾಡಿಕೊಳ್ಳದ ಪ್ರತಿಯೊಬ್ಬರಿಗೂ ಎರಡು ಆಯ್ಕೆಗಳ ಕಮಾಂಡುಗಳನ್ನೂ ತೆರೆಯ ಮೇಲೇ ಬರೆದು ತೋರಿಸುತ್ತಿದ್ದರು. ಹಳೆಯದು ಬೇಕೆಂದವರು ಒಂದು ಸಾಲು ನಕಲಿಸಿ ಅಂಟಿಸಿದರೆ ಸಾಕಿತ್ತು.

ದಾಟುವ ಕಾಲದಲ್ಲಿ ಹಳೆಯದೂ ಹೊಸದೂ ಒಂದೇ ಕೋಡಿನಲ್ಲಿ ನಡೆಯುವಂತಿರಬೇಕು. 2008ರಲ್ಲಿ ಪೈಥಾನ್ 3 ಬಂದಾಗ ಬಹಳ ಜನ ಬಳಲಿದ್ದು ಇಲ್ಲೇ. ಹಳೆಯ ಸರಣಿಯ 2.7ಕ್ಕೆ ಬೆಂಬಲ ಕೊನೆಯಾದದ್ದು 2020ರ ಜನವರಿ 1ಕ್ಕೆ. ನಡುವೆ ಹನ್ನೊಂದು ವರ್ಷ. ಪಠ್ಯದ ಮುಂದೆ 'ಯು' ಅಕ್ಷರ ಬರೆಯುವ ಹಳೆಯ ರೂಢಿಯನ್ನು ಮೊದಲು ತೆಗೆದುಹಾಕಿದ್ದ ಅವರೇ, ಒಂದೇ ಕೋಡ್ ಎರಡರಲ್ಲೂ ಓಡಲಿ ಎಂದು 2012ರಲ್ಲಿ 3.3ರಲ್ಲಿ ಅದನ್ನು ಮರಳಿ ತಂದರು.

ಹಂತ 6: ಆವೃತ್ತಿ ಸಂಖ್ಯೆಯಲ್ಲಿ ನಿಜ ಹೇಳಿ

ಸೆಮ್ಯಾಂಟಿಕ್ ವರ್ಶನಿಂಗ್ ನಿಮಗೆ ಗೊತ್ತಿರುತ್ತದೆ: ಹೊಂದಾಣಿಕೆ ಮುರಿದರೆ ಮೊದಲ ಅಂಕಿ, ಹೊಸದು ಸೇರಿದರೆ ಎರಡನೆಯದು, ತಿದ್ದುಪಡಿಗೆ ಮೂರನೆಯದು. ನನ್ನ 1.7 ನಿಜವಾಗಿ 2.0 ಆಗಬೇಕಿತ್ತು. ಹಾಗೆಂದು ಮೊದಲ ಅಂಕಿ ಏರಿಸುವುದು ಮುರಿಯಲು ಸಿಕ್ಕ ಪರವಾನಗಿಯಲ್ಲ. ಇಂಟರ್ನೆಟ್‌ನಿಂದ ಡೇಟಾ ತರುವ ಟೂಲ್ ಕರ್ಲ್‌ನ ಲೈಬ್ರರಿ 2006ರಿಂದ ಇಂದಿನವರೆಗೆ ತನ್ನ ಬೈನರಿ ಹೊಂದಾಣಿಕೆಯನ್ನು (ಹಿಂದೆ ಕಟ್ಟಿದ ಪ್ರೋಗ್ರಾಂ ಮತ್ತೆ ಕಟ್ಟದೆಯೇ ಹೊಸದರಲ್ಲಿ ಓಡುವುದನ್ನು) ಮುರಿದಿಲ್ಲ.

ಇನ್ನೂ 1.0 ತಲುಪದೆ 0.xರಲ್ಲಿ ಇದ್ದೀರಾದರೆ ತಪ್ಪುಗಳನ್ನು ಈಗಲೇ ತಿದ್ದಿಕೊಳ್ಳಿ. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಪ್ರೋಗ್ರಾಂ ಕಟ್ಟುವ 'ಮೇಕ್' ಟೂಲ್ ಬರೆದಾಗ ಅದರ ಫೈಲಿನಲ್ಲಿ ಕಮಾಂಡ್ ಸಾಲಿನ ಆರಂಭಕ್ಕೆ ಟ್ಯಾಬ್ ಇರಬೇಕೆಂಬ ನಿಯಮ ಸೇರಿಹೋಯಿತು. ಅದು ಸರಿಯಿಲ್ಲ ಎಂದು ಅನ್ನಿಸುವ ಹೊತ್ತಿಗೆ ಹತ್ತು ಹನ್ನೆರಡು ಜನ ಬಳಸುತ್ತಿದ್ದರು, ಅವರಿಗೆ ತೊಂದರೆ ಬೇಡವೆಂದು ಬಿಟ್ಟರು. ಆ ಟ್ಯಾಬ್ ಇವತ್ತಿಗೂ ಇದೆ.

ಹಂತ 7: ಬಿಡುಗಡೆಗೆ ಮೊದಲು ಮತ್ತು ಬಿಡುಗಡೆಯ ದಿನ

ಎರಡು ವಾರ ಮುಂಚೆ ಪೂರ್ವಾವೃತ್ತಿ ಹಾಕಿ. ಕೇಳದ ಹೊರತು, ಪೈಥಾನ್ ಪ್ಯಾಕೇಜು ಇಳಿಸುವ ಪಿಪ್ ಅದನ್ನು ಸಾಮಾನ್ಯವಾಗಿ ಇಳಿಸುವುದಿಲ್ಲ, ಹಾಗಾಗಿ ಅರಿಯದವರಿಗೆ ಅಪಾಯವಿಲ್ಲ. ಹಂತ 2ರಲ್ಲಿ ಸಿಕ್ಕವರಿಗೆ ಹೆಸರು ಹಿಡಿದು ಬರೆದು ಕೇಳಿ, ಸಾಮೂಹಿಕ ಪ್ರಕಟಣೆಗೆ ಯಾರೂ ಉತ್ತರಿಸುವುದಿಲ್ಲ. ಬದಲಾವಣೆಗಳ ಟಿಪ್ಪಣಿಯಲ್ಲಿ ಮೊದಲ ಪ್ಯಾರಾ ಏನು ಮುರಿಯಬಹುದು ಎಂಬುದಕ್ಕೆ, ಹೊಸ ಸೌಲಭ್ಯಗಳ ಮಾತು ಆಮೇಲೆ. ಮತ್ತು ಶುಕ್ರವಾರ ಸಂಜೆ ಬಿಡಬೇಡಿ.

ಹಳೆಯ ಆವೃತ್ತಿಗಳನ್ನು ಎಂದೂ ಅಳಿಸಬೇಡಿ. 2016ರ ಮಾರ್ಚ್‌ನಲ್ಲಿ 'ಲೆಫ್ಟ್‌ಪ್ಯಾಡ್' ಎಂಬ ಹನ್ನೊಂದು ಸಾಲಿನ ಪ್ಯಾಕೇಜನ್ನು ಅದರ ಲೇಖಕರು ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಭಂಡಾರವಾದ ಎನ್‌ಪಿಎಂನಿಂದ ತೆಗೆದಾಗ ಬೇಬಲ್‌ನಂಥ ದೊಡ್ಡ ಪ್ರಾಜೆಕ್ಟುಗಳ ಬಿಲ್ಡುಗಳೇ ನಿಂತವು.

ಹಂತ 8: ಮುರಿದೇಹೋದರೆ

ಮೊದಲು ಹಿಂದಕ್ಕೆ ತಿರುಗಿಸಿ, ವಾದ ಆಮೇಲೆ. ಲಿನಕ್ಸ್‌ನ ತಿರುಳಾದ ಕರ್ನೆಲ್‌ನಲ್ಲಿ ಇದು ಕಟ್ಟುನಿಟ್ಟು: ಕರ್ನೆಲ್ ಬದಲಾವಣೆಯಿಂದ ಬಳಕೆದಾರನ ಪ್ರೋಗ್ರಾಂ ಕೆಟ್ಟರೆ ತಪ್ಪು ಕರ್ನೆಲ್‌ನದು, ಪ್ರೋಗ್ರಾಂನದಲ್ಲ. ಆ ರಾತ್ರಿ ನಾನು ಮಾಡಿದ ಕ್ರಮ ಹೇಳುತ್ತೇನೆ. ಮೊದಲು ಮಾಟುಂಗದವರಿಗೆ 1.6ಕ್ಕೆ ಮರಳುವ ಒಂದು ಸಾಲಿನ ಕಮಾಂಡ್ ಫೋನಿನಲ್ಲೇ ಬರೆಸಿದೆ. ಅವರ ಸಂಚಿಕೆ ಹೊರಟಿತು. ಆಮೇಲೆ 1.7ರ ಆ ಬದಲಾವಣೆಯನ್ನಷ್ಟೇ ತೆಗೆದು 1.7.1 ಬಿಟ್ಟೆ. ಕೊನೆಗೆ ಪೈಥಾನ್ ಪ್ಯಾಕೇಜುಗಳ ಭಂಡಾರವಾದ ಪೈಪಿಐಯಲ್ಲಿ 1.7 ಅನ್ನು 'ಯಾಂಕ್' ಮಾಡಿದೆ. ಯಾಂಕ್ ಎಂದರೆ ಅಳಿಸುವುದಲ್ಲ. ಹೊಸದಾಗಿ ಇಳಿಸುವವರಿಗೆ ಆ ಆವೃತ್ತಿ ಸಿಗುವುದಿಲ್ಲ, ಅದೇ ಸಂಖ್ಯೆಯನ್ನು ಕಟ್ಟಿಹಾಕಿಕೊಂಡವರಿಗೆ ಸಿಗುತ್ತಲೇ ಇರುತ್ತದೆ. ಒಂದೇ ಸಂಖ್ಯೆಯಡಿ ಬೇರೆ ಫೈಲ್ ಹಾಕುವ ಯೋಚನೆ ಬಂದರೆ ಬಿಟ್ಟುಬಿಡಿ.

ಭದ್ರತೆಯ ತೂತು ಮುಚ್ಚಲು ಮಾತ್ರ ಎಚ್ಚರಿಕೆಯ ಅವಧಿಯಿಲ್ಲದೆ ಮುರಿಯಬಹುದು. ಆಗಲೂ ಎಷ್ಟು ಚಿಕ್ಕದಾಗಿ ಸಾಧ್ಯವೋ ಅಷ್ಟೇ ಮುರಿಯಿರಿ.

ಹಂತ 9: ಹಳೆಯದನ್ನು ಬೀಳ್ಕೊಡುವುದು

ಎಲ್ಲವನ್ನೂ ಎಂದೆಂದಿಗೂ ಹೊರಲಾಗದು, ಸಂಬಳವಿಲ್ಲದೆ ರಾತ್ರಿ ಹೊತ್ತು ಕೆಲಸ ಮಾಡುವವರಿಗಂತೂ ಆಗದು. ಪ್ರತಿ ವರ್ಷ ಹಂತ 1ರ ಪಟ್ಟಿ ತೆಗೆದು ಒಂದೊಂದು ಸಾಲಿಗೂ ಕೇಳಿಕೊಳ್ಳಿ: ಇದನ್ನು ಉಳಿಸಲು ನನಗೆಷ್ಟು ಖರ್ಚು, ತೆಗೆದರೆ ಅವರಿಗೆಷ್ಟು ಖರ್ಚು? ನಾನು ಹೀಗೆ ಕೇಳಿಕೊಂಡೇ ಹಳೆಯ ಪೈಥಾನ್ 3.6ರ ಬೆಂಬಲ ಬಿಟ್ಟೆ, ಎರಡು ಗಿಡ್ಡ ಫ್ಲಾಗುಗಳನ್ನು ಎರಡು ನವೆಂಬರ್ ಕಾದು ತೆಗೆದೆ. ತೆಗೆದ ಫ್ಲಾಗ್ ಹಾಕಿದರೆ ಈಗಲೂ ಬರೀ ದೋಷ ಬರುವುದಿಲ್ಲ, ಬದಲಿಗೆ ಏನು ಬರೆಯಬೇಕೆಂಬ ಸಾಲು ಬರುತ್ತದೆ.

'ಡನ್' ಮಾತ್ರ ಇದ್ದಲ್ಲೇ ಇದೆ. ಅದನ್ನು ಉಳಿಸಲು ನನಗೆ ತಗಲುವುದು ಒಂದು ಸಾಲು. ಆ ಸಾಲಿನ ಮೇಲೆ ಕೋಡಿನಲ್ಲೇ ಒಂದು ಕಾಮೆಂಟ್ ಬರೆದಿದ್ದೇನೆ: ಮಾಟುಂಗದ ಬ್ಯಾಚ್ ಫೈಲ್ ಈ ಪದವನ್ನು ಹುಡುಕುತ್ತದೆ, ಮುಟ್ಟುವ ಮೊದಲು ಅವರಿಗೆ ಫೋನ್ ಮಾಡಿ.